ಹುರಿ ಹಿಡಿಯುವ ಬೆಳ್ಳಮ್ಮ

ಹೇಳಿಬಿಡಬೇಕಿತ್ತು ಎಂದು ಬೆಳ್ಳಮ್ಮ ತಿದಿ ಒತ್ತುತ್ತ ತನಗೆ ತಾನೇ ಅಂದುಕೊಳ್ಳುತ್ತಾಳೆ. ಒಂದು ಬೆರಳಿನಷ್ಟರ ಮಾತು. ಗೊರೂರಿನ ಅಪಘಾತ ಆಗಿ ಇವತ್ತಿಗೆ ಒಂಬತ್ತು ದಿನ.

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದ ಈ ಕುಲುಮೆಯಲ್ಲಿ ಬೆಳಕು ಹರಿಯುವ ಮೊದಲೇ ಕೆಂಡ ಕಣ್ಣು ಬಿಡುತ್ತದೆ. ಗಂಡ ಬೋರಪ್ಪ ಬಸ್ಸಿನ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಕಮಾನು ಪಟ್ಟೆಗಳನ್ನು ಕಾಯಿಸಿ ಬಡಿಯುತ್ತಾನೆ. ಬೆಳ್ಳಮ್ಮ ತಿದಿ ಒತ್ತುತ್ತಾಳೆ, ಇಕ್ಕಳ ಕೊಡುತ್ತಾಳೆ, ಕೊನೆಗೆ ಹುರಿ ಹಿಡಿಯುತ್ತಾಳೆ. ಅರಕಲಗೂಡು, ಚನ್ನರಾಯಪಟ್ಟಣದ ದಾರಿಯಲ್ಲಿ ಓಡುವ ಏಳು ಬಸ್ಸುಗಳು ಈ ಕುಲುಮೆಯ ಕಮಾನಿನ ಮೇಲೆ ಕೂತಿವೆ. ಬಸ್ಸು ಹತ್ತುವವರಿಗೆ ಬೋರಪ್ಪನ ಹೆಸರು ಗೊತ್ತು, ಅವಳದು ಗೊತ್ತಿಲ್ಲ.

ಹುರಿ ಎಂದರೆ ಎಣ್ಣೆ ಹಚ್ಚಿದ, ಒಂದು ಗಂಟು ಹಾಕಿದ ದಾರ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಡಿಯಬೇಕು. ಗಂಟು ಎರಡೂ ಕಡೆ ಒಂದೇ ಜಾಗಕ್ಕೆ ಬರಬೇಕು. "ಕಮಾನು ಚಪ್ಪಟೆ ಆದಷ್ಟೂ ಉದ್ದ ಆಯ್ತದೆ ಕಣವ್ವ, ಚಕ್ರದ ಅಚ್ಚನ್ನ ಹಿಂದಕ್ಕೆ ತಳ್ತದೆ. ಒಂದು ಕಡೆ ಜಾಸ್ತಿ ತಳ್ತು ಅಂದ್ರೆ ಚಕ್ರ ನೆಟ್ಟಗೆ ಉರುಳಾಕಿಲ್ಲ, ಉಜ್ಕೊಂಡ್ ಓಯ್ತದೆ. ಟೈರು ಗಂಧದ ಕೊರಡಿನಂಗೆ ತೇದೋಯ್ತದೆ" ಎಂದು ಬೆಳ್ಳಮ್ಮ ಕೇಳಿದ ಹೆಂಗಸರಿಗೆ ಹೇಳುತ್ತಾಳೆ.

ನಾಲ್ಕು ವರ್ಷದ ಹಿಂದೆ ಕಿಡಿಯೊಂದು ಬೋರಪ್ಪನ ಬಲಗಣ್ಣನ್ನು ತಿಂದಿತು. ಎಡಗಣ್ಣೂ ಮಬ್ಬು. ಅಂದಿನಿಂದ ಅಳತೆಯೆಲ್ಲ ಅವಳ ಕಣ್ಣಿನದು. ಊರಿಗೆ ಇದು ತಿಳಿಯದು. "ಕಣ್ಣಿಲ್ದೋನ ಕೈಗೆ ಯಾರು ಬಸ್ ಕೊಟ್ಟಾರು?" ಎಂದು ಅವಳು ತನ್ನಲ್ಲೇ ಅಂದುಕೊಳ್ಳುತ್ತಾಳೆ.

ಹೋದ ತಿಂಗಳು ಸಾಹುಕಾರ ನಂಜಯ್ಯನವರು ಲಾರಿಯಿಂದ ಮಾಡಿಸಿದ ತಮ್ಮ ಎತ್ತರದ ಬಸ್ಸು ತಂದು ನಿಲ್ಲಿಸಿದ್ದರು. "ನಾಲ್ಕು ಬೆರಳು ತಗ್ಗಿಸು ಬೋರಪ್ಪ. ಹೆಂಗಸರು ಹತ್ತೋಕೆ ನಾನೇನು ಏಣಿ ಕಟ್ಕೊಂಡು ತಿರುಗ್ಲಾ?" ಕಮಾನು ಚಪ್ಪಟೆಯಾಯಿತು. ಮೊದಲ ಟ್ರಿಪ್ಪಿನ ಜನ ಗಂಟುಮೂಟೆಯ ಮೇಲೆ ಕಾಯುತ್ತ ಕೂತಿದ್ದರು. ಎಡಗಡೆ ಹುರಿ ಒಂದು ಬೆರಳು ಕಮ್ಮಿ ಬಂತು. ಮತ್ತೆ ಬಿಚ್ಚಿ ಕಾಯಿಸಿದರೆ ಅರ್ಧ ದಿನ. "ಸರಿ ಐತಾ?" ಎಂದು ಬೋರಪ್ಪ ಕೇಳಿದ. "ಸರಿ ಐತೆ" ಎಂದಳು.

ಯುದ್ಧದ ಕಾಲ, ಹೊಸ ಟೈರು ಕಣ್ಣಿಗೆ ಬೀಳುವುದಿಲ್ಲ. ಕಮಾನು ತಗ್ಗಿಸಿದ ಹದಿನೆಂಟನೆಯ ದಿನ ಗೊರೂರಿನ ಇಳಿಜಾರಿನಲ್ಲಿ ಎಡಟೈರು ಒಡೆದು ಬಸ್ಸು ಮರಕ್ಕೆ ಬಡಿಯಿತು. ಮಗಳ ಬಾಣಂತನಕ್ಕೆ ಹೊರಟಿದ್ದ ಮೊಸಳೆ ಎಂಬ ಊರಿನ ಮಾಯಮ್ಮ ಅಲ್ಲೇ ಹೋದಳು. ಡ್ರೈವರ್ ಗಂಗಯ್ಯ ಜೋರಾಗಿ ಓಡಿಸಿದ ಎಂದು ಎಲ್ಲರ ಮಾತು.

ಇವತ್ತು ಬಿಸಿಲೇರುವ ಹೊತ್ತಿಗೆ ನಂಜಯ್ಯನವರು ಆ ಟೈರನ್ನು ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬರುತ್ತಾರೆ. ಹಿಂದೆ ಗಂಗಯ್ಯ, ಕೈಯನ್ನು ಕೊರಳಿಗೆ ಕಟ್ಟಿಕೊಂಡು.

"ಗಾಡಿ ಎಡಕ್ಕೆ ಎಳೀತೈತೆ ಅಂತ ಮೂರ್ ಸಲ ಏಳ್ದೆ ಸಾವ್ಕಾರ್ರೆ."

"ಎಡಕ್ಕೆ ಎಳೆದಿದ್ದು ಗಾಡಿಯಲ್ಲ ಕಣ್ಲಾ, ಹೆಂಡದಂಗಡಿ. ಬೋರಪ್ಪ, ಕಮಾನು ಸರಿಯಿತ್ತು ಅಂತ ಠಾಣೇಲಿ ಒಂದು ಮಾತು ಹೇಳಿಬಿಡು. ಇವನನ್ನ ಒಳಗೆ ಹಾಕ್ತಾರೆ, ಅಲ್ಲಿಗೆ ಮುಗೀತು."

"ಸರಿ ಇತ್ತು ಬುದ್ಧಿ" ಎಂದು ಬೋರಪ್ಪ ಮಬ್ಬುಗಣ್ಣನ್ನು ಹೆಂಡತಿಯ ಕಡೆ ತಿರುಗಿಸುತ್ತಾನೆ. "ಅಲ್ವಾ ಅಮ್ಮಿ?"

ಬೆಳ್ಳಮ್ಮ ತಿದಿ ಬಿಟ್ಟು ಎದ್ದು ಬಂದು ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸುತ್ತಾಳೆ. ಒಂದು ದಿಕ್ಕಿಗೆ ನುಣುಪು. ಇನ್ನೊಂದು ದಿಕ್ಕಿಗೆ ಗರಗಸ. ಉರುಳದೆ ಉಜ್ಜಿಕೊಂಡು ಓಡಿದ ಚಕ್ರದ ಗುರುತು.

"ಇಲ್ಲ ಸಾವ್ಕಾರ್ರೆ" ಎನ್ನುತ್ತಾಳೆ. "ಎಡಗಡೆ ಹುರಿ ಒಂದು ಬೆರಳು ಕಮ್ಮಿ ಇತ್ತು. ಇವ್ರಿಗೆ ಕಣ್ಣು ಕಾಣಾಕಿಲ್ಲ, ಅಳತೆ ನೋಡೋಳು ನಾನು. ಸರಿ ಐತೆ ಅಂತ ಸುಳ್ಳು ಏಳ್ದೋಳೂ ನಾನೇ."