ನರ್ಸಮ್ಮನಿಗೆ ಉಡಿ ತುಂಬಿದ ದಿನ

ನಾನು ಚಿಕ್ಕವಳಿದ್ದಾಗ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯೆಂದು ಅವ್ವ ಬೈಯುತ್ತಿದ್ದಳು. ಅಂಥವಳನ್ನು ಒಂದು ದಿನ ಚಿತ್ತಾಪುರದ ದವಾಖಾನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಶಹಾಬಾದ ಕಲ್ಲಿನ ನೆಲ ತಣ್ಣಗಿತ್ತು. ಫಿನಾಯಿಲ್ ವಾಸನೆಯ ಜೊತೆಗೆ ಯಾರದೋ ಗಂಟಿನಿಂದ ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ ಘಮ ಬರುತ್ತಿತ್ತು. ಟೈಫಾಯಿಡ್ ಜ್ವರದಿಂದ ಎದ್ದ ಅಕ್ಕನನ್ನು ಅಂದು ಮನೆಗೆ ಕಳಿಸುವವರಿದ್ದರು.

ಅಕ್ಕ ಬದುಕಿದ್ದು ಅಲ್ಲಿನ ನರ್ಸಮ್ಮನ ಕೈಗುಣದಿಂದ ಎಂದು ಅವ್ವ ನಂಬಿದ್ದಳು. ಜ್ವರದ ತಾಪದಲ್ಲಿ ಅಕ್ಕ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ, ಕುಡಿಸಿದ ಔಷಧವನ್ನೆಲ್ಲ ಉಗುಳುತ್ತಿದ್ದಳು. ನರ್ಸಮ್ಮ ಮಾತ್ರ ಮುಖ ಸಿಂಡರಿಸದೆ ಸೀರೆ ಒರೆಸಿಕೊಂಡು ಮತ್ತೆ ಚಮಚ ಹಿಡಿಯುತ್ತಿದ್ದಳು. ಕೆಲಸ ಮುಗಿದ ಮೇಲೂ ಕುಳಿತು, ಗಂಟು ಬಿದ್ದ ಅಕ್ಕನ ಕೂದಲನ್ನು ಎಣ್ಣೆ ಹಚ್ಚಿ ನೋಯದಂತೆ ಬಿಡಿಸುತ್ತಿದ್ದಳು. ಇಂಥವಳಿಗೆ ಬರೀ ಕೈ ಮುಗಿದು ಹೋಗುವುದು ಅವ್ವನಿಗೆ ಒಪ್ಪಿಗೆಯಿರಲಿಲ್ಲ.

ಅದಕ್ಕೇ ಅಪ್ಪ ನಮ್ಮೂರು ಗುಂಡಗುರ್ತಿಯಿಂದ ಬರುವಾಗ ಒಂದು ಗಂಟು ತಂದಿದ್ದ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಕುಪ್ಪಸಕ್ಕೆಂದು ಕೆಂಪು ಅಂಚಿನ ಹಸಿರು ಖಣ ಇದ್ದವು. ಇವನ್ನು ಹೆಣ್ಣುಮಗಳ ಸೆರಗಿಗೆ ಹಾಕಿ ಹರಸುವುದಕ್ಕೆ ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಅವ್ವನಿಗೆ ಗೊತ್ತಿರಲಿಲ್ಲ.

ನರ್ಸಮ್ಮ ಬಂದೊಡನೆ ಅವ್ವ, "ಬಾಯಿ, ಚೂರು ಕುಂದ್ರಿ. ನಿಮಗ ಉಡಿ ತುಂಬತೀನಿ" ಎಂದಳು.

ನರ್ಸಮ್ಮ ಕೈಯೆರಡನ್ನೂ ಹಿಂದಕ್ಕೆ ತೆಗೆದುಕೊಂಡಳು. "ನನಗ ಬ್ಯಾಡ್ರಿ, ಅವ್ವಾರ. ನಮ್ಮ ಮನಿಯವರು ತೀರಿಕೊಂಡಾರ. ನನಗಿದು ನಡೆಂಗಿಲ್ರಿ."

ಆಗಿನ ಕಾಲದಲ್ಲಿ ಗಂಡನಿಲ್ಲದವಳಿಗೆ ಉಡಿ ತುಂಬುತ್ತಿರಲಿಲ್ಲ. ಆದರೆ ಈಕೆಗೆ ಗಂಡನಿಲ್ಲವೆಂದು ಅವ್ವನಿಗೆ ಗೊತ್ತಾಗುವುದಾದರೂ ಹೇಗೆ? ನರ್ಸ್ ಎಂದರೆ ಬಿಳಿ ಸೀರೆಯೇ, ಕೆಲಸದ ಹೊತ್ತಿಗೆ ಬಳೆ ತೆಗೆದಿಡುತ್ತಾರೆ ಎಂದುಕೊಂಡಿದ್ದಳು. ಮಗಳನ್ನು ಉಳಿಸಿಕೊಟ್ಟವಳಿಗೆ ನಾಲ್ಕು ಜನರ ಮುಂದೆ ನೋವು ಕೊಟ್ಟೆನಲ್ಲ ಎಂದು ಅವ್ವನ ಕಣ್ಣು ತುಂಬಿದವು.

ಮೂಲೆಯ ಮಂಚದಲ್ಲಿ ಚಂದ್ರಂಪಳ್ಳಿಯ ಮುದುಕಿಯೊಬ್ಬಳು ಕಾಲು ಮುರಿದುಕೊಂಡು ಮಲಗಿದ್ದಳು. ಅವಳಿಗೂ ಗಂಡನಿರಲಿಲ್ಲ, ಆದರೆ ನಾಲಿಗೆ ಗಟ್ಟಿಯಿತ್ತು.

"ನನ್ನ ಹೊಲಸು ಬಳಿಲಿಕ್ಕ ಇಕಿ ಕೈ ನಡೀತದ, ಉಡಿಗೆ ನಡೆಂಗಿಲ್ಲೇನು?" ಎಂದಳು. "ಗಂಡ ಹೋದ್ರ ತವರುಮನಿನೂ ಹೋಗತದೇನು? ಮಗಳಂತ ತಿಳಕೊಂಡು ತುಂಬವ್ವ."

ಅವ್ವ ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದಳು. ಊರಿನವರು ಏನೆಂದಾರು ಎಂಬ ಅಂಜಿಕೆ ಅವಳಿಗೆ ಇದ್ದೇ ಇತ್ತು. "ನಮ್ಮ ಮಗಳಿಗೆ ತುಂಬಲಿಕ್ಕ ಯಾರನ್ನ ಕೇಳಬೇಕು?" ಎಂದ ಅಪ್ಪ. ಅವ್ವ ನರ್ಸಮ್ಮನ ರಟ್ಟೆ ಹಿಡಿದು ಅಕ್ಕನ ಮಂಚದ ಮೇಲೆ ಕೂರಿಸಿದಳು. ಈ ಸಲ ಹೊರಗಿನವರಿಗೆ ಅನ್ನುವ ಹಾಗೆ ಮರ್ಯಾದೆಯ 'ಬಾಯಿ' ಎನ್ನಲಿಲ್ಲ. "ಕುಂದ್ರು, ನನ್ನವ್ವ. ಸೆರಗ ಒಡ್ಡು" ಎಂದಳು.

ನರ್ಸಮ್ಮ ಸೆರಗು ಒಡ್ಡಿದಳು. ಅಕ್ಕಿಯ ಮೇಲೆ ಖಣ ಬಿತ್ತು. ಅದನ್ನು ಕಂಡು ವಾರ್ಡಿನ ಹೆಂಗಸರೂ ಎದ್ದು ಬಂದರು. ಒಬ್ಬಳು ಲಿಂಬೆಹಣ್ಣು ಹಾಕಿದಳು, ಇನ್ನೊಬ್ಬಳು ದಿಂಬಿನ ಕೆಳಗಿನ ಶೇಂಗಾ ಹಾಕಿದಳು. ಎಂಥ ಗಾಯ ಕಂಡರೂ ಅಂಜದ ನರ್ಸಮ್ಮ ಆಗ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ತನ್ನ ಸೊರಗಿದ ಕೈಯಿಂದ ಅವಳ ಕಣ್ಣೊರೆಸಿದಳು. ನನಗೆ ಅಂದು ಇಬ್ಬರು ಅಕ್ಕಂದಿರಾದರು.

ಆಮೇಲೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವಾಗ ನರ್ಸಮ್ಮನೂ ಗುಂಡಗುರ್ತಿಯ ಬಸ್ಸು ಹತ್ತುತ್ತಿದ್ದಳು. ಬೆನ್ನ ಹಿಂದೆ ಆಡಿಕೊಂಡಿದ್ದ ಊರಿನ ಬಾಯಿಗಳು ಅವಳು ಜೋಕಾಲಿ ಜೀಕುವುದನ್ನು ನೋಡಿ ತಾವಾಗಿಯೇ ಸುಮ್ಮನಾದವು.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ತಮ್ಮ ಕೈ ಮುರಿದುಕೊಂಡು ಕಲಬುರಗಿಯ ದವಾಖಾನೆಯಲ್ಲಿದ್ದಾಗ ಅಲ್ಲಿನ ನರ್ಸಿನ ಸೇವೆ ಮೆಚ್ಚಿ ನೀವು ಮೊಬೈಲಿನಲ್ಲಿ ಐದು ನಕ್ಷತ್ರ ಒತ್ತಿದಿರಿ. ಛಲೋ ಆಯಿತು. ನಮ್ಮ ಕಾಲದಲ್ಲಿ ನಕ್ಷತ್ರಗಳು ಆಕಾಶ ಬಿಟ್ಟು ಇಳಿಯುತ್ತಿರಲಿಲ್ಲ. ಆಕೆಗೆ ಗಂಡನಿದ್ದಾನೋ ಇಲ್ಲವೋ ಎಂದು ಈಗ ಯಾರೂ ಕೇಳುವುದಿಲ್ಲ, ಅದು ಇನ್ನೂ ಛಲೋ. ಆದರೆ ಆಕೆಯ ಊರು ಯಾವುದೆಂದು ನಾನು ಕೇಳಿದಾಗ ನೀವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಪಂಚಮಿ ಹತ್ತಿರ ಬಂತು. ಹಬ್ಬದ ಎಳ್ಳು-ಬೆಲ್ಲದ ಉಂಡಿ ನಾನು ಕಟ್ಟುತ್ತೇನೆ, ಆಕೆಯನ್ನು ನೀವು ಕರೆದುಕೊಂಡು ಬನ್ನಿ.