ಮೌಸ್ ಬಿಟ್ಟ ಡಾಕ್ಟರರ ರೋಟಾ

ನಾಟಿಂಗ್‌ಹ್ಯಾಮಿನ ನಮ್ಮ ಕನ್ನಡ ಕೂಟದಲ್ಲಿ ಅರ್ಧಕ್ಕರ್ಧ ಜನ ಡಾಕ್ಟರುಗಳೇ. ಆದರೂ ಬರೀ 'ಡಾಕ್ಟ್ರು' ಎಂದರೆ ಒಬ್ಬರೇ, ನಮ್ಮ ನಿವೃತ್ತ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಶನಿವಾರದ ಕನ್ನಡ ತರಗತಿಗೂ ಆಮೇಲಿನ ಊಟಕ್ಕೂ ರೋಟಾ, ಅಂದರೆ ಸರದಿ ಪಟ್ಟಿ, ಹಾಕುವುದು ಅವರ ಕೆಲಸ. ಹಾಲ್‌ನ ಬೀಗ ಯಾರು ತೆಗೆಯಬೇಕು, ಮಕ್ಕಳಿಗೆ ಯಾರು ಪಾಠ ಹೇಳಬೇಕು, ಬಿಸಿಬೇಳೆಬಾತ್ ಯಾರ ತಲೆಗೆ, ಪಾತ್ರೆ ಯಾರ ಕೈಗೆ, ಎಲ್ಲವನ್ನೂ ಅವರೇ ಕೂಟದ ವೆಬ್‌ಸೈಟಿನಲ್ಲಿ ತುಂಬುತ್ತಿದ್ದರು. ಆ ವೆಬ್‌ಸೈಟ್ ಕಟ್ಟಿದವಳು ನಾನು. ನನ್ನ ಹೊಟ್ಟೆಪಾಡಿನ ಕೆಲಸವೂ ಅದೇ.

ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ತುಂಬ ಓಡಾಡುತ್ತಿತ್ತು. ಒಂದು ಶನಿವಾರದ ಅಡುಗೆ, ಪಾಠ, ಬೀಗ ಎಲ್ಲವೂ ಒಂದೇ ಸಂಸಾರದ ಮೇಲೆ ಬಿದ್ದಾಗ ಕಮಿಟಿಯವರು ಕಂಗಾಲಾದರು. ಏನು ಮಾಡುವುದು? ನಮ್ಮವರು ಮಾಡುವುದನ್ನೇ ಮಾಡಿದರು: ಸನ್ಮಾನ. ವೇದಿಕೆ ಮೇಲೆ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, "ಇನ್ಮೇಲೆ ನೀವು ಆರಾಮಾಗಿ ಕೂತ್ಕೊಳಿ ಸರ್, ನಾವಿದ್ದೀವಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ರೋಟಾ ನನ್ನ ಕೊರಳಿಗೆ ಬಿತ್ತು.

ನಾನು ಹಾಕಿದ ಮೊದಲ ರೋಟಾದಲ್ಲೇ ಎರಡು ಮನೆಯಿಂದ ಪುಳಿಯೋಗರೆ ಬಂತು, ಅನ್ನ ಸಾರು ಯಾರ ಮನೆಯಿಂದಲೂ ಬರಲಿಲ್ಲ. ಅದು ಹಾಳಾಗಲಿ. ಡಾಕ್ಟ್ರು ಕೂಟಕ್ಕೆ ಬರುವುದನ್ನೇ ನಿಲ್ಲಿಸಿದರು. ಒಂದು ದಿನ ಅವರ ಹೆಂಡತಿ ಫೋನ್ ಮಾಡಿದರು.

"ಸನ್ಮಾನ ಆದಾಗ್ಲಿಂದ ಇವ್ರು ಸೋಫಾ ಬಿಟ್ಟು ಏಳ್ತಿಲ್ಲ ಕಣೇ. ವಾಕಿಂಗ್ ಇಲ್ಲ, ಟ್ರಾಮ್ ಹತ್ತಲ್ಲ. ನಾನು ಇಷ್ಟು ಬೇಗ ಅವ್ರಿಗೆಲ್ಲಾ ಸಾಕಾಗ್ಬಿಟ್ನಾ ಅಂತ ಕೇಳ್ತಾರೆ. ಏನಂತ ಹೇಳ್ಲಿ?"

ನನಗೆ ದುಃಖವೂ ಬಂತು, ಸಿಟ್ಟೂ ಬಂತು. ಮರ್ಯಾದೆ ಮಾಡುವ ಗಲಾಟೆಯಲ್ಲಿ ಮನುಷ್ಯನ ಕೈಯಿಂದ ಕೆಲಸ ಕಿತ್ತುಕೊಂಡಿದ್ದೆವು. ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಅವರ ಮನೆಗೆ ಹೋದೆ.

"ಮೌಸ್ ನಂಗೆ ಆಗಲ್ಲಮ್ಮಾ" ಎಂದರು ಡಾಕ್ಟ್ರು. "ಕೀಬೋರ್ಡ್ ಆಗತ್ತೆ. ಟ್ಯಾಬ್ ಕೀ ಒತ್ತಿ ಒತ್ತಿ ಮುಂದೆ ಹೋಗಬಲ್ಲೆ. ಆದ್ರೆ ನಿನ್ನ ಪೇಜಲ್ಲಿ ನಾನೆಲ್ಲಿದ್ದೀನಿ ಅಂತಾನೇ ತಿಳಿಯಲ್ಲ."

ಒತ್ತಿ ನೋಡಿದೆ. ನಿಜ. ಮೌಸ್ ಬಂದರೆ ನಮ್ಮ ಬಟನ್ನುಗಳು ಹಳದಿಯಾಗಿ ಬೆಳಗುತ್ತವೆ. ಟ್ಯಾಬ್‌ನಿಂದ ಬಂದವರನ್ನು ಕ್ಯಾರೇ ಎನ್ನುವುದಿಲ್ಲ. ನಾವೆಲ್ಲಿದ್ದೇವೆ ಎಂದು ತೋರಿಸಲು ಬ್ರೌಸರ್ ತಾನಾಗಿಯೇ ಹಾಕುವ ಚೌಕವನ್ನೂ 'ಚೆನ್ನಾಗಿ ಕಾಣಲ್ಲ' ಎಂದು ಕಮಿಟಿಯವರು ತೆಗೆಸಿದ್ದರು.

ಪುಟದಲ್ಲಿ ಯಾವುದು ಹೇಗೆ ಕಾಣಬೇಕೆಂದು ಹೇಳುವುದು ಸ್ಟೈಲ್‌ಶೀಟ್. ನಮ್ಮದರಲ್ಲಿ 'ಮೌಸ್ ಬಂದರೆ' ಎಂಬ ಷರತ್ತು ಮೆನುವಿಗೆ, ಬಟನ್ನಿಗೆ, ರೋಟಾದ ಸಾಲಿಗೆ, ಕಂಡಕಂಡಲ್ಲಿ ಬೇರೆಬೇರೆಯಾಗಿ ಕೂತಿತ್ತು. ಪ್ರತಿಯೊಂದರ ಪಕ್ಕದಲ್ಲೂ 'ಕೀಬೋರ್ಡ್ ಬಂದರೆ' ಎಂದು ಸೇರಿಸುತ್ತಾ ಹೋದರೆ ಒಂದೆರಡು ಖಂಡಿತ ತಪ್ಪಿಹೋಗುತ್ತವೆ. ಅದಕ್ಕೊಂದು ಪ್ಲಗಿನ್ ಇದೆ, ಸ್ಟೈಲ್‌ಶೀಟಿನ ಜೊತೆ ಸೇರಿಸಿಕೊಳ್ಳುವ ಪುಟ್ಟ ಸಹಾಯಕ. ಇಂಥ ಷರತ್ತುಗಳನ್ನೆಲ್ಲ ಸೇರಿಸಿ ಮೇಲೆ ಒಂದೇ ಸಾಲಿನಲ್ಲಿ ನಮಗೆ ಬೇಕಾದ ಹೆಸರು ಇಡಬಹುದು. ಕೆಳಗೆ ಎಲ್ಲೆಡೆ ಆ ಹೆಸರು ಹಿಡಿದು ಕರೆದರೆ ಸಾಕು, ಬಿಡಿಸಿ ಬರೆಯುವ ಕತ್ತೆಚಾಕರಿ ಪ್ಲಗಿನ್‌ನದು.

ಅವರ ಊಟದ ಮೇಜಿನ ಮುಂದೆಯೇ ಕೂತೆ. ಹೆಸರು 'ಬಂದ್ರು' ಎಂದಿಟ್ಟೆ. ಮೌಸ್ ಬರಲಿ, ಕೀಬೋರ್ಡ್ ಬರಲಿ, ಬಂದವರು ಬಂದ್ರು, ಬೆಳಕು ಹಾಕು. ಜೊತೆಗೆ ಬಂದಿದ್ದ ನನ್ನ ಮಗಳು ಇಣುಕಿ, "ಅಮ್ಮಾ, ಯು ಕಾಂಟ್ ಕಾಲ್ ಇಟ್ ದಟ್!" ಎಂದು ನಕ್ಕಳು. ಯಾಕಾಗಬಾರದು? ಹೆಸರಿಡುವವಳು ನಾನು.

ಜಂಬದಿಂದ ಪುಟ ತೆರೆದರೆ ಏನೂ ಬೆಳಗಲಿಲ್ಲ. ಇದ್ದ ಹಳದಿಯೂ ಹೋಯಿತು! ಹೆಸರಿಟ್ಟಿದ್ದು ಒಂದು ಫೈಲಿನಲ್ಲಿ, ಕರೆದದ್ದು ಇನ್ನೊಂದರಲ್ಲಿ. ಎರಡಕ್ಕೂ ಪರಿಚಯವೇ ಮಾಡಿಸಿರಲಿಲ್ಲ. ನನ್ನನ್ನೇ ಬೈದುಕೊಂಡು ಮೊದಲನೆಯದನ್ನು ಎರಡನೆಯದರ ತಲೆಯ ಮೇಲೆ ಸೇರಿಸಿದೆ. ಡಾಕ್ಟ್ರು ಟ್ಯಾಬ್ ಒತ್ತಿದರು. ಮೆನು ಹಳದಿಯಾಯಿತು. ಮತ್ತೆ ಒತ್ತಿದರು, ಪಕ್ಕದ ಬಟನ್. ಮುಂದಕ್ಕೆ, ಹಿಂದಕ್ಕೆ, ಸುಮ್ಮಸುಮ್ಮನೆ ಓಡಾಡಿದರು.

"ಇದು ಸರಿ. ಆದ್ರೆ ಈ ಟೇಬಲ್ಲಲ್ಲಿ ಟೈಪ್ ಮಾಡ್ತಿರೋದು ಯಾವ ಶನಿವಾರದ್ದು ಅಂತ ಹೆಂಗೆ ಗೊತ್ತಾಗ್ಬೇಕು?" ಎಂದರು.

ಜಿಪಿ ಗತ್ತು ವಾಪಸ್ ಬಂದಿತ್ತು. ಕಿವಿಗೆ ಹಿತವಾಯಿತು. ಮೇಲಿನ ಒಂದೇ ಸಾಲಿಗೆ ಮೂರನೆಯ ಷರತ್ತು ಸೇರಿಸಿದೆ: ಸಾಲಿನ ಒಳಗೆ ಯಾರಾದರೂ ಬರೆಯುತ್ತಿದ್ದರೂ ಬೆಳಗು. ಬೇರೆಲ್ಲೂ ಕೈ ಹಾಕಲಿಲ್ಲ, ಅವರು ಟೈಪ್ ಮಾಡುವ ವಾರದ ಸಾಲು ಪೂರ್ತಿ ಹಳದಿಯಾಗಿ ಎದ್ದು ನಿಂತಿತು. ನಾನು ಕೂತಲ್ಲೇ ಕೇಕೆ ಹಾಕಿದೆ.

ಅವರು ನನ್ನತ್ತ ನೋಡಲೂ ಇಲ್ಲ. ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಎಡಗೈಯ ಒಂದೊಂದೇ ಬೆರಳಿನಿಂದ ಟಕಟಕ ಶುರುಮಾಡಿದರು. ಮೌಸ್ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ತಲೆಯೆತ್ತದೆಯೇ ಹೆಂಡತಿಯನ್ನು ಕರೆದರು.

"ಬರೋ ಶನಿವಾರ ಸಾಂಬಾರ್ ನಿಂದು. ಬೀಗ ನಂದು. ಬೇಗ ಹೊರಡ್ಬೇಕು."

"ನನ್ನೊಂದು ಮಾತು ಕೇಳದೇನೇ ಹಾಕ್ಬಿಟ್ರಾ?"

"ರೋಟಾ ಹಾಕೋವ್ರು ಯಾರನ್ನೂ ಕೇಳಲ್ಲ."

"ಅಷ್ಟು ಜನಕ್ಕೆ ಸಾಂಬಾರು ಅಂದ್ರೆ ಆಟನಾ? ಈ ಮನುಷ್ಯನಿಗೆ ಹೇಳೋವ್ರು ಕೇಳೋವ್ರು ಯಾರೂ ಇಲ್ವಾ?" ಎಂದು ಆಕೆ ದನಿಯೆತ್ತಿ ಬೈಯತೊಡಗಿದರು. ಬೈಯುತ್ತಲೇ ಅಡುಗೆಮನೆಗೆ ಹೋದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ಬೈಯುತ್ತಲೇ ಮೇಲಿನ ಕಪಾಟಿನಿಂದ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ಕೆಳಗಿಳಿಸಿದರು.