ಅರ್ಧ ಮುಖದ ನಿರೂಪಣೆ

ಅಕ್ಟೋಬರಿನ ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ತುಟಿಯ ಎಡ ಮೂಲೆಯಿಂದ ಸೋರಿ ಎದೆಯ ಮೇಲೆ ಬಿತ್ತು. ನಿದ್ದೆಗಣ್ಣು ಎಂದುಕೊಂಡು ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಸೋರಿತು. ಆಗ ಕನ್ನಡಿ ನೋಡಿದೆ. ಬಲಗಡೆ ನನ್ನದೇ ಮುಖ. ಎಡಗಡೆ ಯಾರೋ ಇಸ್ತ್ರಿ ಹಾಕಿದಷ್ಟು ಸಪಾಟು; ಕೆನ್ನೆ ಜೋತುಬಿದ್ದಿತ್ತು. ಕಣ್ಣು ಮುಚ್ಚಲು ಹೋದರೆ ಬಲಗಣ್ಣು ಮುಚ್ಚಿತು, ಎಡಗಣ್ಣು ತೆರೆದೇ ಇತ್ತು.

ಗಂಡನನ್ನು ಕೂಗಿದೆ. ಅವನು ಬಂದು ಬಾಗಿಲಲ್ಲೇ ನಿಂತ.

"ನಗು ನೋಡೋಣ," ಅಂದ.

ನಕ್ಕೆ. ಅವನು ನಗಲಿಲ್ಲ. ತಕ್ಷಣ ನಮ್ಮ ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಫೋನ್ ಹಚ್ಚಿದ. ಅಲ್ಲಿನ ಸಹಾಯಕಿ ಅವನ ಮೂಲಕ ನನ್ನ ಎರಡೂ ಕೈ ಎತ್ತಿಸಿದಳು, ಒಂದು ವಾಕ್ಯ ಹೇಳಿಸಿದಳು, ಕಾಲಿಗೆ ಬಲವಿದೆಯೇ ಎಂದು ಕೇಳಿದಳು. ಎಲ್ಲವೂ ಸರಿಯಿತ್ತು, ಮುಖವೊಂದನ್ನು ಬಿಟ್ಟು. ಈಗಲೇ ಬನ್ನಿ ಎಂದಳು. ಬರೀ ಜ್ವರ, ಕೆಮ್ಮು ಎಂದಾಗ ಮಾತ್ರೆ ನುಂಗಿ ಒಂದು ವಾರ ಕಾಯಲು ಹೇಳುವ ಈ ಡಚ್ಚರ ದೇಶದಲ್ಲಿ "ಈಗಲೇ" ಎಂಬ ಮಾತು ಕೇಳಿದ್ದೇ ಕಾರು ಹತ್ತಿದೆವು. ನಮ್ಮೂರು ವೆಲ್ಡ್‌ಹೋವನ್ನಿನ ರಸ್ತೆಯುದ್ದಕ್ಕೂ ಕಾರಿನಲ್ಲಿ ನಾನು ಬೆರಳು ಎಣಿಸುತ್ತಾ, ನನ್ನ ಮೆದುಳು ಇನ್ನೂ ನನ್ನ ಮಾತು ಕೇಳುತ್ತಿದೆಯೇ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ.

ವೈದ್ಯರು ಎತ್ತರದ, ಮೆಲುದನಿಯ ಮನುಷ್ಯ. "ಹುಬ್ಬು ಮೇಲೆತ್ತಿ," ಎಂದರು. ಬಲ ಹುಬ್ಬು ಏರಿತು, ಹಣೆಯ ಬಲ ಅರ್ಧ ನೆರಿಗೆಗಟ್ಟಿತು. ಎಡ ಅರ್ಧ ಅಲುಗಲಿಲ್ಲ.

"ಒಳ್ಳೆಯದು," ಎಂದರು.

ಅಲುಗದೇ ಇರುವುದು ಹೇಗೆ ಒಳ್ಳೆಯದಾಗುತ್ತದೆ? ಅವರು ತಮ್ಮ ಹಣೆಯನ್ನೇ ಮುಟ್ಟಿ ತೋರಿಸಿ ವಿವರಿಸಿದರು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುತ್ತದಂತೆ. ಮೆದುಳಿನ ಒಂದು ಕಡೆ ರಕ್ತದ ಹರಿವು ನಿಂತರೂ ಇನ್ನೊಂದು ಕಡೆ ಹಣೆಯನ್ನು ನೋಡಿಕೊಳ್ಳುತ್ತದೆ. ಹಾಗಾಗಿ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹಣೆ ನೆರಿಗೆಗಟ್ಟುತ್ತದೆ. ನನ್ನದು ಹಣೆಯಿಂದ ಗದ್ದದವರೆಗೆ ಪೂರ್ತಿ ಸುಮ್ಮನಾಗಿತ್ತು. ಅಂದರೆ ತಪ್ಪು ಮೆದುಳಿನದಲ್ಲ. ಕಿವಿಯ ಹಿಂದಿನ ಮೂಳೆಯ ಕಿರಿದಾದ ಕೊಳವೆಯಲ್ಲಿ ಹಾದುಬರುವ ಮುಖದ ನರ ಊದಿಕೊಂಡು ಅಲ್ಲೇ ಸಿಕ್ಕಿಕೊಂಡಿದೆ. ಸ್ಟೆರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ರೆಪ್ಪೆ ಮುಚ್ಚಿ ಅಂಟಿಸಲು ಟೇಪು. ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ಯಾವಾಗ ಎಂದು ಹೇಳಲಾರೆ ಎಂದರು. ನೋಡಲು ಎಷ್ಟು ಕೆಟ್ಟದೋ ಅಷ್ಟು ಒಳ್ಳೆಯ ಸುದ್ದಿ ಎಂಬುದನ್ನು ಅರಗಿಸಿಕೊಳ್ಳುತ್ತಾ ಮನೆಗೆ ಬಂದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಡಚ್ ಸಹೋದ್ಯೋಗಿ ನೇರವಾಗಿ ಕೇಳಿದ: "ನಿನ್ನ ಮುಖಕ್ಕೆ ಏನಾಯಿತು? ಕಿಟಕಿ ತೆರೆದು ಮಲಗಿದ್ದೆಯಾ?" ಸಂದಿಯಿಂದ ನುಗ್ಗುವ ಚಳಿಗಾಳಿ ತಗುಲಿದರೆ ಹೀಗಾಗುತ್ತದೆಂದು ಅವನ ಅಜ್ಜಿ ಹೇಳುತ್ತಿದ್ದಳಂತೆ. ನರದ ವಿಷಯ ಹೇಳಿದೆ. "ಓ," ಎಂದು ಕಾಫಿ ತರಲು ಹೋದ. ಅಲ್ಲಿಗೆ ಮುಗಿಯಿತು.

ಹುಬ್ಬಳ್ಳಿಯ ಅವ್ವನಿಗೆ ವಿಡಿಯೋ ಕಾಲ್ ಮಾಡಿದ್ದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆಕೆ ಮೊದಲು ಅತ್ತಳು. ಅವಳ ಲೆಕ್ಕದಲ್ಲೂ ಇದು ಗಾಳಿಯದೇ ಕೆಲಸ. ಆದರೆ ಅವಳ ಗಾಳಿ ಬೇರೆ.

"ಗಾಳಿ ಬಡದೈತಿ, ಯಾರದರ ಕಣ್ಣ ಬಿದ್ದೈತಿ. ಮಾರಿ ನೆಟ್ಟಗ ಆಗೋತನಕ ಮಂದ್ಯಾಗ ಹೋಗಬ್ಯಾಡ. ಮನ್ಯಾಗ ಇದ್ದಬಿಡು."

"ಯಾಕವ್ವಾ? ನಾ ಏನ್ ಕಳವು ಮಾಡೀನೇನ್?"

"ಮಂದಿ ಆಡಿಕೋತಾರ."

"ಆಡಿಕೊಳ್ಳಲಿ. ಅವರ ಬಾಯರ ನೆಟ್ಟಗ ಐತೆಲ್ಲ."

ಹೀಗೆ ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದರೆ, ಅವಳಿಗೆ ಅರ್ಧ ಅರ್ಥವಾಗಲಿಲ್ಲ. ಪ, ಬ, ಮ ಮೂರೂ ತುಟಿ ಕೂಡಿದರೇ ಹುಟ್ಟುವ ಅಕ್ಷರಗಳು. ನನ್ನ ತುಟಿ ಒಂದು ಕಡೆ ಕೂಡುತ್ತಲೇ ಇರಲಿಲ್ಲ. ಅಪ್ಪ, ಬಾ, ಮನೆ: ಮಗು ಮೊದಲು ಕಲಿಯುವ ಮಾತುಗಳೇ ಗಾಳಿಯಾಗಿ ಹೊರಬೀಳುತ್ತಿದ್ದವು. ಮೂಗಿನ ಪಕ್ಕ ಬೆರಳಿಟ್ಟು ಎಡತುಟಿಯನ್ನು ತುಸು ಮೇಲೆತ್ತಿ ಹಿಡಿದರೆ ಅಕ್ಷರ ಸರಿಯಾಗಿ ಬರುತ್ತದೆಂದು ಕನ್ನಡಿಯ ಮುಂದೆ ನಾನೇ ಕಂಡುಕೊಂಡೆ.

ಆ ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದ ನಿರೂಪಣೆ ನನ್ನದಾಗಿತ್ತು. ವಿಷಯ ತಿಳಿದು ಬಳಗದ ಹಿರಿಯರೊಬ್ಬರು ಮನೆಗೇ ಬಂದರು. ಒಳ್ಳೆಯ ಮನುಷ್ಯರೇ. ಚಹಾ ಕುಡಿದು, ನನ್ನ ಮುಖವನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾ ಮಾತಾಡಿದರು.

"ನೀವು ರೆಸ್ಟ್ ತಗೊಳ್ಳಿ ಮೇಡಂ. ಈ ಸಲ ಬೇರೆ ಯಾರಾದ್ರೂ ಆಂಕರಿಂಗ್ ಮಾಡ್ತಾರೆ. ಸ್ಟೇಜ್ ಅಂದ್ರೆ ಫೋಟೋ, ವಿಡಿಯೋ ಎಲ್ಲಾ ಇರುತ್ತಲ್ವಾ..."

"ಡಾಕ್ಟ್ರು ರೆಸ್ಟ್ ಹೇಳಿಲ್ಲ ಸರ್. ಜ್ವರ ಇಲ್ಲ, ಕಿವಿ ಹಿಂದಿನ ನೋವೂ ಈಗ ಕಮ್ಮಿ."

"ಹಂಗಲ್ಲ, ನಿಮಗೇ ಮುಜುಗರ ಆಗಬಾರದು ಅಂತ."

"ನನಗೆ ಆಗಲ್ಲ. ನಿಮಗೆ ಆಗುತ್ತಾ?"

ಅವರು ಲೋಟ ಕೆಳಗಿಟ್ಟರು. ಅವರು ಹೋದ ಮೇಲೆ ಗಂಡ, "ಅಷ್ಟು ಖಾರವಾಗಿ ಯಾಕೆ ಹೇಳ್ದೆ? ಒಂದು ವರ್ಷ ಬಿಟ್ರೆ ಏನೀಗ?" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಕಾಲು ಮುರಿದುಕೊಂಡವನು ಊರುಗೋಲು ಹಿಡಿದು ವೇದಿಕೆ ಹತ್ತಿದರೆ ಚಪ್ಪಾಳೆ ತಟ್ಟುತ್ತೇವೆ. ಮುಖದಲ್ಲೂ ಸ್ನಾಯು ಇದೆ, ನರ ಇದೆ. ಅದಕ್ಕೇ ಯಾಕೆ ಈ ಮುಚ್ಚುಮರೆ? ಹೆಂಗಸಿನ ಮುಖವೆಂದರೆ ಸಭೆಗೆ ಕಟ್ಟಿದ ತೋರಣವೇ, ಬಾಡಿದರೆ ಕಿತ್ತು ಬಿಸಾಡಲು? ಇದನ್ನೆಲ್ಲ ಅವನಿಗೆ ಹೇಳಿದೆ. ಪ, ಬ, ಮ ಎಲ್ಲ ಸೋರಿಹೋದವು. ಅವನು ಪೂರ್ತಿ ಕೇಳಿ, "ಸರಿ, ಹೋಗೋಣ. ಮುಂದಿನ ಸಾಲಲ್ಲೇ ಕೂತ್ಕೋತೀನಿ," ಎಂದ.

ಆ ದಿನ ಸೀರೆ ಉಟ್ಟೆ. ಲಿಪ್‌ಸ್ಟಿಕ್ ಹಚ್ಚುವಾಗ ಎಡತುಟಿಗೂ ಬಿಡದೆ ಹಚ್ಚಿದೆ. ಸಭಾಂಗಣದಲ್ಲಿ ಮೈಕು ಹಿಡಿದು ನಿಂತೆ. ಮುಂದಿನ ಸಾಲಿನಲ್ಲಿ ಗಂಡನ ಅಕ್ಕಪಕ್ಕ ಕೂತವರು ನೋಡಿ, ನೋಡಿಲ್ಲವೆಂಬಂತೆ ತಲೆ ತಗ್ಗಿಸಿದರು.

ತುಟಿಗೆ ಬೆರಳು ಹಚ್ಚಿ ಹಿಡಿದು ಹೇಳಿದೆ: "ಎಲ್ಲರಿಗೂ ನಮಸ್ಕಾರ. ನನ್ನ ಮುಖದ ಎಡಭಾಗದ ನರ ಊದಿಕೊಂಡಿದೆ. ಅಂಟುರೋಗ ಅಲ್ಲ, ಯಾರ ಕಣ್ಣೂ ಬಿದ್ದಿಲ್ಲ. ನಾನು 'ಪಂಪ' ಅಂದಾಗ 'ಹಂಹ' ಅಂತ ಕೇಳಿಸಿದ್ರೆ ನೀವೇ ತಿದ್ದಿಕೊಳ್ಳಿ. ಮುಖ ತಗ್ಗಿಸಬೇಡಿ, ನನ್ನನ್ನ ನೋಡಿ. ಒಂದೈದು ನಿಮಿಷಕ್ಕೆ ಅಭ್ಯಾಸ ಆಗುತ್ತೆ."

ಯಾರೋ ನಕ್ಕರು, ಆಮೇಲೆ ಹಲವರು ನಕ್ಕರು. ನಗು ಒಳ್ಳೆಯದೇ ಇತ್ತು. ಅಭ್ಯಾಸವೂ ಆಯಿತು.

ಕಷ್ಟ ಕೊಟ್ಟದ್ದು ಡೊಳ್ಳು. ಕಿವಿಯೊಳಗೆ ಜೋರು ಸದ್ದನ್ನು ಕುಗ್ಗಿಸುವ ಒಂದು ಪುಟಾಣಿ ಸ್ನಾಯು ಇದೆ. ಅದಕ್ಕೂ ಅಪ್ಪಣೆ ಕೊಡುವುದು ಇದೇ ನರ. ನನ್ನ ಎಡಗಿವಿ ತಡೆಯಿಲ್ಲದೆ ತೆರೆದಿತ್ತು. ಮೊದಲ ಪೆಟ್ಟಿಗೇ ತಲೆಯೊಳಗೆ ಪಾತ್ರೆ ಬಿದ್ದಂತಾಯಿತು. ಹತ್ತಿ ತುರುಕಿಕೊಂಡು ಪರದೆಯ ಪಕ್ಕದಲ್ಲೇ ನಿಂತೆ. ಒಣಗಿದ ಎಡಗಣ್ಣಿಗೆ ಹಾಕಿದ ಡ್ರಾಪ್ಸು ಕೆನ್ನೆಗಿಳಿದರೆ, ಅಳುತ್ತಿದ್ದಾಳೆಂದು ಯಾರೋ ಟಿಶ್ಯೂ ಚಾಚಿದರು. "ಅಳು ಅಲ್ಲ, ಔಷಧಿ," ಎಂದು ಹೇಳಿಯೇ ತೆಗೆದುಕೊಂಡೆ.

ಊಟದ ಹೊತ್ತಿಗೆ ಮಾಸ್ಟ್ರಿಕ್ಟ್‌ನಿಂದ ಬಂದಿದ್ದ ಸುಮಾರು ಐವತ್ತರ ಹೆಂಗಸೊಬ್ಬರು ತಟ್ಟೆ ಹಿಡಿದು ಪಕ್ಕದಲ್ಲಿ ಕೂತರು. ನಾನು ಬಿಸಿಬೇಳೆಬಾತನ್ನು ಬಲಗಡೆಯಲ್ಲೇ ಅಗಿಯುತ್ತಾ, ಎಡಗೆನ್ನೆಯಲ್ಲಿ ಸಿಕ್ಕಿದ್ದನ್ನು ಬೆರಳಿನಿಂದ ತಳ್ಳುತ್ತಿದ್ದೆ. ಅವರು ನೋಡಿದರು.

"ನನಗೂ ಆಗಿತ್ತು ಕಣಮ್ಮ," ಎಂದರು. "ಇಡೀ ಚಳಿಗಾಲ ಹೊರಗೆ ಬರಲಿಲ್ಲ. ಸಾಮಾನೆಲ್ಲಾ ಯಜಮಾನ್ರೇ ತರ್ತಿದ್ರು. ಬಾಗಿಲು ಬಡಿದ್ರೆ ತೆಗೀತಿರಲಿಲ್ಲ."

"ಡಾಕ್ಟ್ರು ಹೊರಗೆ ಹೋಗಬೇಡಿ ಅಂದಿದ್ರಾ?"

"ಯಾರೂ ಅನ್ನಲಿಲ್ಲ. ಹೋಗಬಹುದು ಅಂತಾನೂ ಯಾರೂ ಅನ್ನಲಿಲ್ಲ." ಅವರ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು. ಅದು ನನ್ನದಕ್ಕಿಂತ ಹಳೆಯದು ಎನಿಸಿತು.

ಹೊಸ ವರ್ಷ ಕಳೆದ ಮೇಲೆ ಒಂದು ದಿನ ಎಡ ಹುಬ್ಬು ಮಿಡುಕಿತು. ನಂತರ ರೆಪ್ಪೆ, ಕೆನ್ನೆ, ಕೊನೆಗೆ ತುಟಿ. ಆದರೆ ನರ ಮತ್ತೆ ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪಿದವು. ತುಟಿಗೆ ಹೋಗಬೇಕಾದ ಅಪ್ಪಣೆ ಕಣ್ಣಿಗೂ ಹೋಗುತ್ತದೆ. ನಕ್ಕರೆ ಎಡಗಣ್ಣು ತಾನೇ ಅರ್ಧ ಮುಚ್ಚುತ್ತದೆ. ಫಿಸಿಯೋಥೆರಪಿಯವಳು ಕನ್ನಡಿ ಕೊಟ್ಟು, ಬಿಗಿಯದೆ ಮೆಲ್ಲಗೆ ನಗುವುದನ್ನು ಕಲಿಸಿದಳು. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹೋಗುವುದಿಲ್ಲವಂತೆ.

ಮೊನ್ನೆ ಅವ್ವ ಫೋನಿನಲ್ಲಿ ಹಣೆ ಗಂಟಿಕ್ಕಿಕೊಂಡು ನನ್ನನ್ನೇ ದಿಟ್ಟಿಸಿದಳು. "ನಕ್ಕೋತ ಮಾತಾಡಬ್ಯಾಡ ಮಂದಿ ಮುಂದ. ಕಣ್ಣ ಹೊಡದಂಗ ಕಾಣತೈತಿ."

"ಕಾಣಲಿ ಬಿಡವ್ವಾ," ಎಂದೆ, ಮತ್ತು ಅವಳ ಮುಂದೆಯೇ ಜೋರಾಗಿ ನಕ್ಕೆ.